ಪೊಟ್ಟಣದ ಮೇಲಿನ ಶೇಕಡಾ

ಬೀದರ–ಭಾಲ್ಕಿ ಮಾರ್ಗದ ಹಲಬರ್ಗಾ ನಿಲ್ದಾಣದಲ್ಲಿ ರೈಲಿಗಾಗಿ ಕಾದಿರುವ ವಿದ್ಯಾರ್ಥಿಗಳ ಕೈಯಲ್ಲಿ ಕುರುಕು ತಿಂಡಿಯ ಪೊಟ್ಟಣವನ್ನು ಕಾಣುವುದು ಇಂದು ಸಾಮಾನ್ಯ. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದ ಕೋಷ್ಟಕವೊಂದಿರುತ್ತದೆ. ಅದನ್ನು ಓದುವವರು ವಿರಳ; ಓದಿದವರೂ ‘ಸೋಡಿಯಂ ಶೇಕಡಾ 8’ ಎಂಬುದನ್ನು ಕಂಡು ‘ಇಷ್ಟೇ ತಾನೆ’ ಎಂದು ಸಮಾಧಾನಪಡುವುದುಂಟು. ಭೌತಶಾಸ್ತ್ರವನ್ನು ಬೋಧಿಸುವ ನನಗೆ ಈ ಸಮಾಧಾನವು ಸರಿಯೆನಿಸದು. ಶೇಕಡಾ ಎಂಬುದು ಒಂದು ಭಿನ್ನರಾಶಿ. ಅಂಶ ಛೇದಗಳೆರಡನ್ನೂ ಅರಿಯದೆ ಅದಕ್ಕೆ ಅರ್ಥವಿಲ್ಲ.

ಮೊದಲು ಛೇದವನ್ನು ನೋಡೋಣ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳಂತೆ, ದಿನವೊಂದಕ್ಕೆ 2000 ಕಿಲೋಕ್ಯಾಲೊರಿ ಶಕ್ತಿ, 67 ಗ್ರಾಂ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ ಮೊದಲಾದವುಗಳೇ ಛೇದಗಳು. ಇವು ಅಡ್ಡಾದಿಡ್ಡಿ ಅಂಕೆಗಳಲ್ಲ. ಒಂದು ಗ್ರಾಂ ಕೊಬ್ಬಿನಿಂದ 9, ಸಕ್ಕರೆಯಿಂದ 4 ಕಿಲೋಕ್ಯಾಲೊರಿ ದೊರೆಯುತ್ತದೆ. ಗುಣಿಸಿ ನೋಡಿರಿ: ಕೊಬ್ಬಿನ ಪಾಲು ದಿನದ ಶಕ್ತಿಯ ಶೇಕಡಾ 30, ಸಕ್ಕರೆಯದು 10. ಇನ್ನು 2000 ಕಿಲೋಕ್ಯಾಲೊರಿಯನ್ನು ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಸುಮಾರು 97 ವಾಟ್ ಆಗುತ್ತದೆ. ಹಳೆಯ ಕಾಲದ 100 ವಾಟ್ ಬಲ್ಬೊಂದು ಹಗಲಿರುಳು ಉರಿದಂತೆ!

ಆದರೆ ಈ 2000 ಎಂಬುದು ಅಳತೆಗೋಲೇ ಹೊರತು ನೀವಲ್ಲ, ನಾನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಂತೆ, ಕುಳಿತು ಕೆಲಸಮಾಡುವ ಮಹಿಳೆಗೆ 1660 ಕಿಲೋಕ್ಯಾಲೊರಿ ಸಾಕು. ಕಠಿಣ ದುಡಿಮೆಯ ಪುರುಷನಿಗೆ 3470 ಬೇಕು.

ಈಗ ಅಂಶಕ್ಕೆ ಬರೋಣ. ಮೋಸಹೋಗುವುದು ಇಲ್ಲಿಯೇ. ಶೇಕಡಾವನ್ನು ಬರೆಯುವುದು ‘ಒಂದು ಬಾರಿಯ ಬಡಿಕೆ’ಗೆ, ಇಡೀ ಪೊಟ್ಟಣಕ್ಕಲ್ಲ. 60 ಗ್ರಾಂ ಪೊಟ್ಟಣದಲ್ಲಿ ಬಡಿಕೆಯು 20 ಗ್ರಾಂ, ಅದರಲ್ಲಿ ಸೋಡಿಯಂ 160 ಮಿಲಿಗ್ರಾಂ ಎಂದಿಟ್ಟುಕೊಳ್ಳಿರಿ. 160ನ್ನು 2000ದಿಂದ ಭಾಗಿಸಿ 100ರಿಂದ ಗುಣಿಸಿದರೆ 8. ಆದರೆ ಮೂರರಲ್ಲೊಂದು ಭಾಗವನ್ನು ತಿಂದು ಉಳಿದುದನ್ನು ಮಡಚಿಡುವ ವಿದ್ಯಾರ್ಥಿಯನ್ನು ನಾನಿನ್ನೂ ಕಂಡಿಲ್ಲ. ಪೊಟ್ಟಣ ಮುಗಿದಾಗ ಲೆಕ್ಕವು 24; ಎರಡು ಮುಗಿದರೆ 48. ಮನೆಯ ಬೇಳೆ, ಚಟ್ನಿ, ಉಪ್ಪಿನಕಾಯಿಗಳ ಉಪ್ಪು ಇನ್ನೂ ಎಣಿಕೆಗೆ ಬಂದಿಲ್ಲ. 2000 ಮಿಲಿಗ್ರಾಂ ಸೋಡಿಯಂ ಎಂದರೆ ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಮಾತ್ರ.

ಇನ್ನೊಂದು ತೊಡಕು ಹೆಸರಿನದು. ಕೋಷ್ಟಕವು ಇವನ್ನೆಲ್ಲ ‘ಶಿಫಾರಸು ಮಾಡಿದ ಪ್ರಮಾಣ’ ಎನ್ನುತ್ತದೆ. ಸಕ್ಕರೆ, ಸೋಡಿಯಂಗಳ ವಿಷಯದಲ್ಲಿ ಅದು ತಲುಪಬೇಕಾದ ಗುರಿಯಲ್ಲ, ದಾಟಬಾರದ ಗೆರೆ. ಗೆರೆಯನ್ನು ಗುರಿಯೆಂದು ಓದಿದವನಿಗೆ 100 ಎಂಬುದು ಪೂರ್ಣಾಂಕದಂತೆ ತೋರೀತು!

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಒಮ್ಮೆಗೇ ತಿಂದು ಮುಗಿಸುವ ಸಣ್ಣ ಪೊಟ್ಟಣಗಳ ಮೇಲೆ ಇಡೀ ಪೊಟ್ಟಣದ ಶೇಕಡಾವನ್ನೇ ಮುದ್ರಿಸಬೇಕು. ನಿಯಮವು ಇಂಗ್ಲಿಷ್ ಅಥವಾ ಹಿಂದಿಯನ್ನು ಕಡ್ಡಾಯಗೊಳಿಸಿದ್ದರೂ ಜೊತೆಗೆ ಬೇರೆ ಭಾಷೆಯನ್ನು ತಡೆಯುವುದಿಲ್ಲ. ನಮ್ಮ ಹಳ್ಳಿಯ ತಾಯಂದಿರು ಓದುವಂತೆ ಅದು ಕನ್ನಡದಲ್ಲಿಯೂ ಇರಬೇಕು. ಅಲ್ಲಿಯವರೆಗೆ ಈ ಕೆಲಸವು ನಿಮ್ಮದು, ವಿದ್ಯಾರ್ಥಿಗಳೇ. ಒಂದು ಭಾಗಾಕಾರ, ಒಂದು ಗುಣಾಕಾರ. ಇದನ್ನು ಪರೀಕ್ಷೆಯಲ್ಲಿ ಯಾರೂ ಕೇಳಲಾರರು. ದೇಹವು ಮಾತ್ರ ಉತ್ತರವನ್ನು ಕೇಳದೆ ಬಿಡದು.