ತಂಡ ಕೂಡದ ಕಾಲೇಜುಗಳು

ಕಬಡ್ಡಿಗೆ ಅಂಕಣದಲ್ಲಿ ಏಳು ಮಂದಿ ಬೇಕು, ಖೋ-ಖೋಗೆ ಒಂಬತ್ತು. ಪ್ರವೇಶ ಇಳಿಮುಖವಾದ ಸಣ್ಣ ಕಾಲೇಜಿನಲ್ಲಿ ಇಷ್ಟು ಆಟಗಾರರನ್ನು ಕೂಡಿಸುವುದೇ ಪ್ರಯಾಸ. ವಿದ್ಯಾರ್ಥಿಗಳು ಕಡಿಮೆಯಾದಂತೆ ಕ್ರೀಡಾ ಶುಲ್ಕದ ಮೊತ್ತವೂ ಕುಗ್ಗುತ್ತದೆ. ಬಸ್ ಚಾರ್ಜು ಮಾತ್ರ ಕುಗ್ಗುವುದಿಲ್ಲ.

1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಮೈಸೂರಿನ ದೂರ ತಪ್ಪಿತು, ನಿಜ. 2009ರಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳು ಬೇರೆ ವಿಶ್ವವಿದ್ಯಾನಿಲಯಕ್ಕೆ ಸೇರಿ ಅಂತರಕಾಲೇಜು ಕೂಟದ ಬಳಗವೂ ಕಿರಿದಾಯಿತು. ಆದರೂ ಹೊಸನಗರದ ಹುಡುಗಿಗೆ ಶಂಕರಘಟ್ಟ ಜಿಲ್ಲೆಯ ಇನ್ನೊಂದು ಕೊನೆಯೇ. ಮಿಲ್ ಕೂಲಿಯವರು, ಸಣ್ಣ ಅಂಗಡಿಯವರು ಆ ಖರ್ಚನ್ನು ಎಲ್ಲಿಂದ ತರಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಲೇಜುಗಳು ಸರ್ಕಾರಿ, ಖಾಸಗಿ ಎಂಬ ಭೇದವೆಣಿಸದೆ ಒಂದು ಕ್ರೀಡಾ ಒಕ್ಕೂಟ ಮಾಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಹಳೆಯ ಸಂಸ್ಥೆಗಳಾದ ಸಾಗರದ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ ಮುಂದಾಗಲಿ. ಕೂಟ ವರ್ಷಕ್ಕೊಂದು ಊರಿನಲ್ಲಿ ನಡೆಯಲಿ, ತಂಡ ಕೂಡದ ಕಡೆ ಎರಡು ಕಾಲೇಜುಗಳ ಕೂಡು ತಂಡಕ್ಕೆ ಅವಕಾಶವಿರಲಿ, ಐ.ಟಿ.ಐ., ಪಾಲಿಟೆಕ್ನಿಕ್‌ಗಳಿಗೂ ಬಾಗಿಲು ತೆರೆಯಲಿ. (ದಿನಾಂಕವನ್ನು ಬಯಲುಸೀಮೆಯ ಮಳೆ ನೋಡಿ ಗೊತ್ತು ಮಾಡುವುದು ಬೇಡ.) ಇದರಿಂದ ದೊಡ್ಡ ಕಾಲೇಜುಗಳಿಗೇನು ಲಾಭ ಎಂದು ಕೇಳುವವರಿದ್ದಾರೆ. ಎದುರಾಳಿಯೇ ಬಾರದೆ ಗೆದ್ದ ಕಪ್ಪನ್ನು ಅವರು ಯಾರಿಗೆ ತೋರಿಸುತ್ತಾರೆ?

ಆಟಗಾರರ ಬಸ್ ಚಾರ್ಜನ್ನು ವಿಶ್ವವಿದ್ಯಾನಿಲಯವೇ ಭರಿಸಬೇಕು. ಮುಂದಿನ ಪ್ರವೇಶಕ್ಕೆ ಮೊದಲೇ ಮೂರೂ ತಾಲ್ಲೂಕುಗಳ ಪ್ರಿನ್ಸಿಪಾಲರು ಒಂದೆಡೆ ಕೂತು ಇದನ್ನು ಬರೆದು ಕೇಳಲಿ.