ಸರ್ಕಾರಿ ಜಾಲತಾಣಗಳು ಮತ್ತು ಬ್ರೌಸರ್‌ಗಳು: ಪರೀಕ್ಷಿಸುವ ಹೊಣೆ ಯಾರದು?

ಸರ್ಕಾರದ ಸೇವೆಗಳನ್ನು ಅಂತರ್ಜಾಲದ ಮೂಲಕ ಪಡೆಯುವುದು ಇಂದು ರೂಢಿಯಾಗಿದೆ. ಆದರೆ ಒಂದೇ ಅರ್ಜಿ ನಮೂನೆಯು ಒಬ್ಬರ ಗಣಕಯಂತ್ರದಲ್ಲಿ ಸರಿಯಾಗಿ ತೆರೆದುಕೊಂಡರೆ, ಮತ್ತೊಬ್ಬರ ಮೊಬೈಲ್‌ನಲ್ಲಿ "ಸಲ್ಲಿಸಿ" ಎಂಬ ಗುಂಡಿಯೇ ಕಾಣಿಸದಿರಬಹುದು. ಈ ವ್ಯತ್ಯಾಸಕ್ಕೆ ಕಾರಣಗಳೇನು, ಅದನ್ನು ನಿವಾರಿಸುವ ಹೊಣೆ ಯಾರದು, ಅರ್ಜಿದಾರರು ಏನು ಮಾಡಬಹುದು ಎಂಬ ವಿಷಯಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿಶ್ಲೇಷಿಸಲಾಗಿದೆ.

ಹಿನ್ನೆಲೆ

2001ರಲ್ಲಿ ಬಿಡುಗಡೆಯಾದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಬಹುಕಾಲ ಕಚೇರಿಗಳ ಮುಖ್ಯ ಬ್ರೌಸರ್ ಆಗಿತ್ತು. ಅದನ್ನೇ ಗಮನದಲ್ಲಿಟ್ಟು ಅನೇಕ ಜಾಲತಾಣಗಳನ್ನು ರೂಪಿಸಿ, ಪುಟದ ಕೆಳಭಾಗದಲ್ಲಿ ಸದರಿ ಬ್ರೌಸರ್‌ನಲ್ಲಿಯೇ ವೀಕ್ಷಿಸಬೇಕೆಂದು ಸೂಚಿಸಲಾಗುತ್ತಿತ್ತು. ಡಿಜಿಟಲ್ ಸಹಿಯಂತಹ ಕಾರ್ಯಗಳಿಗೆ ಆಕ್ಟಿವ್‌ಎಕ್ಸ್, ಜಾವಾ ಆಪ್ಲೆಟ್ ಮೊದಲಾದ ಪೂರಕ ತಂತ್ರಾಂಶಗಳನ್ನು ಅವಲಂಬಿಸಲಾಗಿತ್ತು.

ಕಾಲಕ್ರಮದಲ್ಲಿ ಈ ಆಧಾರಗಳು ಒಂದೊಂದಾಗಿ ಕಳಚಿದವು. ಜಾವಾ ಆಪ್ಲೆಟ್‌ಗಳಿಗೆ ಅಗತ್ಯವಾದ ಪ್ಲಗಿನ್ ವ್ಯವಸ್ಥೆಯನ್ನು ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿಯೂ, ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿಯೂ ಕೈಬಿಟ್ಟವು. ಫ್ಲ್ಯಾಶ್ ತಂತ್ರಾಂಶಕ್ಕೆ 2020ರ ಡಿಸೆಂಬರ್ 31ರಂದು ಬೆಂಬಲ ನಿಂತಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಕೂಡ 2022ರ ಜೂನ್ 15ರಂದು ನಿವೃತ್ತಿಯಾಯಿತು. ಹಳೆಯ ತಾಣಗಳಿಗಾಗಿ ಎಡ್ಜ್ ಬ್ರೌಸರ್‌ನಲ್ಲಿ ವಿಶೇಷ ಸೌಲಭ್ಯವೊಂದನ್ನು ಉಳಿಸಲಾಗಿದೆಯಾದರೂ ಅದು ಮೊಬೈಲ್ ಬಳಕೆದಾರರಿಗೆ ಲಭ್ಯವಿಲ್ಲ.

ಈ ಸಮಸ್ಯೆ ನಮ್ಮ ದೇಶಕ್ಕೆ ಸೀಮಿತವಲ್ಲ. ದಕ್ಷಿಣ ಕೊರಿಯಾದಲ್ಲಿ 1999ರ ಡಿಜಿಟಲ್ ಸಹಿ ಕಾಯ್ದೆಯ ನಂತರ ಬ್ಯಾಂಕಿಂಗ್ ಮತ್ತು ಸರ್ಕಾರಿ ಸೇವೆಗಳು ಆಕ್ಟಿವ್‌ಎಕ್ಸ್‌ಗೆ ಕಟ್ಟುಬಿದ್ದವು. ಅಲ್ಲಿನ ಅಧಿಕೃತ ಪ್ರಮಾಣಪತ್ರ ವ್ಯವಸ್ಥೆಯ ವಿಶೇಷ ಸ್ಥಾನ ರದ್ದಾದುದು 2020ರ ಡಿಸೆಂಬರ್‌ನಲ್ಲಿ. ಒಂದೇ ಬ್ರೌಸರ್‌ಗೆ ಹೊಂದಿಸಿದ ಸೇವೆಯನ್ನು ಬಿಡಿಸಿಕೊಳ್ಳಲು ಎರಡು ದಶಕಗಳೇ ಬೇಕಾಗಬಹುದು ಎಂಬುದಕ್ಕೆ ಇದು ನಿದರ್ಶನ.

ಇಂದಿನ ಸ್ಥಿತಿ

ಬ್ರೌಸರ್‌ಗಳ ಹೆಸರು ಹಲವಾದರೂ, ಪುಟವನ್ನು ಪರದೆಯ ಮೇಲೆ ಮೂಡಿಸುವ ಎಂಜಿನ್‌ಗಳು ಮುಖ್ಯವಾಗಿ ಮೂರು. ಕ್ರೋಮ್, ಎಡ್ಜ್, ಒಪೆರಾಗಳಲ್ಲಿ ಬ್ಲಿಂಕ್, ಸಫಾರಿಯಲ್ಲಿ ವೆಬ್‌ಕಿಟ್, ಫೈರ್‌ಫಾಕ್ಸ್‌ನಲ್ಲಿ ಗೆಕೊ ಇವೆ. ಭಾರತದಲ್ಲಿ ಬಳಕೆಯಲ್ಲಿರುವ ಐಫೋನ್‌ಗಳಲ್ಲಿ ಯಾವ ಹೆಸರಿನ ಬ್ರೌಸರ್ ಇದ್ದರೂ ಒಳಗಿರುವುದು ವೆಬ್‌ಕಿಟ್. ಆದ್ದರಿಂದ ಗಣಕಯಂತ್ರದ ಕ್ರೋಮ್‌ನಲ್ಲಿ ಪುಟ ತೆರೆಯಿತೆಂಬ ಮಾತ್ರಕ್ಕೆ ಐಫೋನ್‌ನ ಕ್ರೋಮ್‌ನಲ್ಲಿಯೂ ತೆರೆಯುವುದೆಂದು ಭಾವಿಸಲಾಗದು.

ಆವೃತ್ತಿಗಳ ಅಂತರವೂ ಅಷ್ಟೇ ಮುಖ್ಯ. 2023ರ ಫೆಬ್ರವರಿಯಿಂದ ಬಿಡುಗಡೆಯಾದ ಕ್ರೋಮ್ ಆವೃತ್ತಿಗಳು ವಿಂಡೋಸ್ 7 ಮತ್ತು 8.1ರಲ್ಲಿ ಕೆಲಸ ಮಾಡುವುದಿಲ್ಲ. ಅಂತಹ ಯಂತ್ರ ಹೊಂದಿರುವವರು ಹಳೆಯ ಆವೃತ್ತಿಯಲ್ಲಿಯೇ ಉಳಿಯುತ್ತಾರೆ. ಹಳೆಯ ಆಂಡ್ರಾಯ್ಡ್ ಮೊಬೈಲ್‌ಗಳ ಸ್ಥಿತಿಯೂ ಇದೇ. ಹೊಸ ಯಂತ್ರ ಕೊಳ್ಳಲಾಗದ ಕುಟುಂಬಗಳೇ ಪಿಂಚಣಿ, ವಿದ್ಯಾರ್ಥಿವೇತನಗಳಂತಹ ಸೇವೆಗಳನ್ನು ಹೆಚ್ಚಾಗಿ ಆಶ್ರಯಿಸುವವು ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಕನ್ನಡ ಲಿಪಿಯ ಪರೀಕ್ಷೆ

ಕನ್ನಡದ ನಮೂನೆಗಳಿಗೆ ಪ್ರತ್ಯೇಕ ಪರೀಕ್ಷೆ ಅವಶ್ಯ. ಆಂಡ್ರಾಯ್ಡ್ ವ್ಯವಸ್ಥೆಯು ಕನ್ನಡ ಲಿಪಿಗೆ ಬೆಂಬಲ ನೀಡಿದ್ದೇ 2012ರ 4.1ನೇ ಆವೃತ್ತಿಯಿಂದ. ಇಂದು ಅಕ್ಷರಗಳು ಸಾಮಾನ್ಯವಾಗಿ ಸರಿಯಾಗಿಯೇ ಮೂಡುತ್ತವೆ. ತೊಡಕು ಅವುಗಳ ಸಂಕೇತದಲ್ಲಿದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಹೆಸರನ್ನು ಯೂನಿಕೋಡ್ ನಮೂನೆಗೆ ನಕಲು ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ.

ಇನ್ನೊಂದು ಸೂಕ್ಷ್ಮವೂ ಉಂಟು. "ರಾಜ್‌ಕುಮಾರ್" ಎಂದು ಬರೆಯುವಾಗ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಸೇರುತ್ತದೆ. ಅದಿಲ್ಲದಿದ್ದರೆ "ರಾಜ್ಕುಮಾರ್" ಎಂದು ಒತ್ತಕ್ಷರ ಮೂಡುತ್ತದೆ. ಓದುವವರಿಗೆ ಎರಡೂ ಒಂದೇ ಹೆಸರು. ಗಣಕಯಂತ್ರಕ್ಕೆ ಬೇರೆ ಬೇರೆ. ಎರಡು ದಾಖಲೆಗಳ ಹೆಸರನ್ನು ತಾಳೆ ನೋಡುವ ತಂತ್ರಾಂಶವನ್ನು ವಿವಿಧ ಕೀಲಿಮಣೆಗಳಿಂದ ಪರೀಕ್ಷಿಸದಿದ್ದಲ್ಲಿ, ಅರ್ಹರ ಅರ್ಜಿಯೂ ತಿರಸ್ಕೃತವಾಗುವ ಸಂಭವವಿದೆ.

ಹೊಣೆಗಾರಿಕೆ

ಭಾರತ ಸರ್ಕಾರವು ಸರ್ಕಾರಿ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿ, 2018 ಮತ್ತು 2023ರಲ್ಲಿ ಪರಿಷ್ಕರಿಸಿದೆ. 2023ರ ಆವೃತ್ತಿಯು ಮೊಬೈಲ್ ಆಪ್‌ಗಳನ್ನೂ ಒಳಗೊಂಡಿದೆ. ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ಅನುಚ್ಛೇದದ ಬದುಕುವ ಹಕ್ಕಿನ ಭಾಗವೆಂದು ಹೇಳಿದೆ. ಆಸಿಡ್ ದಾಳಿಗೆ ಒಳಗಾದವರು ಹಾಗೂ ದೃಷ್ಟಿದೋಷವುಳ್ಳವರು ಇ-ಕೆವೈಸಿ ಪ್ರಕ್ರಿಯೆಯಲ್ಲಿ ಎದುರಿಸಿದ ಅಡಚಣೆಗಳು ಆ ಪ್ರಕರಣದ ವಿಷಯವಾಗಿದ್ದವು.

ನಮ್ಮ ರಾಜ್ಯದ ಸಕಾಲ ಅಧಿನಿಯಮ, 2011ರ ದೃಷ್ಟಿಯಿಂದಲೂ ಇದನ್ನು ಪರಿಶೀಲಿಸಬೇಕಾಗಿದೆ. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ಕೋರಲು ಅವಕಾಶವಿದೆ. ಆದರೆ ಅವಧಿಯ ಲೆಕ್ಕ ಆರಂಭವಾಗುವುದು ಅರ್ಜಿ ಸ್ವೀಕೃತವಾದ ನಂತರ. ಗುಂಡಿ ಕೆಲಸ ಮಾಡದೆ ಅರ್ಜಿಯೇ ದಾಖಲಾಗದಿದ್ದರೆ ಸ್ವೀಕೃತಿ ಸಂಖ್ಯೆಯಿಲ್ಲ, ವಿಳಂಬದ ಲೆಕ್ಕವಿಲ್ಲ, ಮೇಲ್ಮನವಿಗೆ ಆಧಾರವೂ ಇಲ್ಲ. ಹೀಗೆ ಹೊರಗುಳಿದವರು ಯಾವ ಅಂಕಿ-ಅಂಶಗಳಲ್ಲಿಯೂ ಸೇರುವುದಿಲ್ಲ. ಆದುದರಿಂದ ಸೇವೆಯನ್ನು ಸಾರ್ವಜನಿಕರಿಗೆ ತೆರೆಯುವ ಮುನ್ನ ಮೂರೂ ಎಂಜಿನ್‌ಗಳಲ್ಲಿ, ಸಣ್ಣ ಪರದೆಯ ಅಗ್ಗದ ಮೊಬೈಲ್‌ಗಳಲ್ಲಿ, ನಿಧಾನಗತಿಯ ಸಂಪರ್ಕದಲ್ಲಿ, ಅರ್ಜಿ ತುಂಬುವುದರಿಂದ ಸ್ವೀಕೃತಿ ಪಡೆಯುವವರೆಗಿನ ಎಲ್ಲ ಹಂತಗಳನ್ನೂ ಪರೀಕ್ಷಿಸುವುದು ಸೇವೆ ನೀಡುವವರ ಕರ್ತವ್ಯ. ಗಣಕಯಂತ್ರದ ಪರದೆಯಲ್ಲಿ ಮೊಬೈಲ್‌ನ ಅಳತೆಯನ್ನು ಅನುಕರಿಸಿ ನೋಡುವುದು ಆರಂಭಕ್ಕೆ ಸಹಾಯಕ. ನಿಜವಾದ ಸಾಧನಗಳ ಪರೀಕ್ಷೆಗೆ ಅದು ಬದಲಿಯಾಗದು. ಬ್ರೌಸರ್‌ಗಳು ಕೆಲವೇ ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರತರುವುದರಿಂದ ಪರೀಕ್ಷೆಯನ್ನು ನಿಯತವಾಗಿ ಪುನರಾವರ್ತಿಸಬೇಕು.

ಅರ್ಜಿದಾರರಿಗೆ ಸೂಚನೆಗಳು

1. ಕೊನೆಯ ದಿನಾಂಕದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು.

2. ಪುಟ ಸರಿಯಾಗಿ ತೆರೆಯದಿದ್ದಲ್ಲಿ ಬ್ರೌಸರ್ ಅನ್ನು ನವೀಕರಿಸಿ, ಬಳಿಕ ಬೇರೊಂದು ಬ್ರೌಸರ್‌ನಲ್ಲಿ ಪ್ರಯತ್ನಿಸುವುದು. ಎಲ್ಲ ಸಾಧನಗಳಲ್ಲಿಯೂ ತೆರೆಯದಿದ್ದರೆ ದೋಷ ಸರ್ವರ್ ಅಥವಾ ಸಂಪರ್ಕದಲ್ಲಿರುವ ಸಾಧ್ಯತೆ ಹೆಚ್ಚು.

3. ಕನ್ನಡದ ವಿವರಗಳನ್ನು ಯೂನಿಕೋಡ್ ಕೀಲಿಮಣೆಯಿಂದ ನೇರವಾಗಿ ನಮೂದಿಸುವುದು.

4. ಹಣ ಪಾವತಿಯಾಗಿ ಸ್ವೀಕೃತಿ ಬಾರದಿದ್ದಲ್ಲಿ, ತಕ್ಷಣ ಮತ್ತೊಮ್ಮೆ ಪಾವತಿಸದೆ ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅರ್ಜಿಯ ಸ್ಥಿತಿಯನ್ನು ಪರಿಶೀಲಿಸುವುದು.

5. ದೂರು ನೀಡುವಾಗ ಸಾಧನದ ಮಾದರಿ, ಬ್ರೌಸರ್‌ನ ಹೆಸರು ಮತ್ತು ಆವೃತ್ತಿ, ದಿನಾಂಕ, ಸಮಯ ಹಾಗೂ ಪರದೆಯ ಚಿತ್ರವನ್ನು ಒದಗಿಸುವುದು. ಚಿತ್ರದಲ್ಲಿ ಆಧಾರ್ ಸಂಖ್ಯೆ, ಒಟಿಪಿ ಕಾಣದಂತೆ ಎಚ್ಚರ ವಹಿಸುವುದು.

ತಾಣ ತೆರೆಯುತ್ತಿಲ್ಲ ಎಂಬ ಒಂದು ಸಾಲಿನ ದೂರಿನಿಂದ ದೋಷವನ್ನು ಪತ್ತೆಹಚ್ಚುವುದು ಕಷ್ಟ. ಮೇಲ್ಕಂಡ ವಿವರಗಳಿದ್ದಲ್ಲಿ ತಾಂತ್ರಿಕ ಸಿಬ್ಬಂದಿಯು ಅದೇ ಸ್ಥಿತಿಯನ್ನು ಮರುಸೃಷ್ಟಿಸಿ ಸರಿಪಡಿಸಬಹುದು. ಇದರಿಂದ ಅದೇ ಬಗೆಯ ಮೊಬೈಲ್ ಹೊಂದಿರುವ ಇತರ ಅರ್ಜಿದಾರರಿಗೂ ಅನುಕೂಲವಾಗುವುದರಿಂದ, ಸಾರ್ವಜನಿಕರು ಇಂತಹ ತೊಂದರೆಗಳನ್ನು ತಪ್ಪದೆ ಗಮನಕ್ಕೆ ತರಬೇಕೆಂದು ಕೋರಲಾಗಿದೆ.