ದೋಣಿ ಹತ್ತಬೇಡಿ ಎನ್ನುವವರಿಗೆ

ದೀಪಾವಳಿಯ ರಜೆ ಮುಗಿದು ಶಾಲೆಗಳು ತೆರೆದೊಡನೆ ಪ್ರತಿ ವರ್ಷವೂ ಶೈಕ್ಷಣಿಕ ಪ್ರವಾಸದ ಮಾತು ಏಳುತ್ತದೆ. ಮಕ್ಕಳ ಬಾಯಲ್ಲಿ ಅದು 'ಸಹಲು'. ಮರಾಠಿಯಿಂದ ಬಂದ ಆ ಶಬ್ದ ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಎಂದೋ ಮನೆಯ ಮಗಳಾಗಿದೆ. ಆದರೆ ಈಚೆಗೆ ಆ ಮಾತಿನ ಬೆನ್ನಿಗೇ ಇನ್ನೊಂದು ಮಾತೂ ಕೇಳಿಬರುತ್ತಿದೆ: "ಎಲ್ಲಿಗೆ ಬೇಕಾದರೂ ಹೋಗಿರಿ, ನೀರಿನ ಕಡೆಗೆ ಮಾತ್ರ ಬೇಡ, ದೋಣಿಯ ಹೆಸರನ್ನಂತೂ ಎತ್ತಲೇಬೇಡಿರಿ." ನಮ್ಮ ಕೇಂದ್ರದ ಶಿಕ್ಷಕರ ಸಭೆಯಲ್ಲಿ ಹಿರಿಯರೊಬ್ಬರು ಇದನ್ನು ಅಪ್ಪಣೆಯ ಧಾಟಿಯಲ್ಲಿಯೇ ನುಡಿದಾಗ ಅರ್ಧಕ್ಕಿಂತ ಹೆಚ್ಚು ಜನ ಶಿಕ್ಷಕ ಬಾಂಧವರು ತಲೆದೂಗಿದರು. ತಲೆದೂಗದವರಲ್ಲಿ ನಾವೂ ಒಬ್ಬರು. ಸಭಾಮರ್ಯಾದೆಗಾಗಿ ಅಂದು ಮೌನ ತಾಳಿದೆವು. ಇಂದು ಆ ಮೌನಕ್ಕೆ ಕಾರಣವಿಲ್ಲ.

ಹಿರಿಯರ ಭಯ ನಿರಾಧಾರವಾದುದೆಂದು ನಾವು ಹೇಳಲಾರೆವು. 2019ರ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಮಡಿದರು. ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರು ಅವರಲ್ಲಿದ್ದರು. ನಮ್ಮಂತೆಯೇ ಜೋಳದ ನಾಡಿನಿಂದ ಸಮುದ್ರ ನೋಡಲು ಹೋದವರು. 2022ರ ಏಪ್ರಿಲಿನಲ್ಲಿ ಮಲ್ಪೆಯ ಎದುರಿನ ಸಂತ ಮೇರಿ ದ್ವೀಪದಲ್ಲಿ ಕೇರಳದಿಂದ ಬಂದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಮುಳುಗಿದರು. ಜೊತೆಯಲ್ಲಿದ್ದ ಶಿಕ್ಷಕರು ಬಂಧನಕ್ಕೊಳಗಾದರು. ಅದಾದ ಎಂಟೇ ದಿನಗಳಿಗೆ, ಡಿಸೆಂಬರ್ 18ರಂದು, ಮುಂಬಯಿಯಿಂದ ಘಾರಾಪುರಿಗೆ ಹೊರಟಿದ್ದ 'ನೀಲಕಮಲ' ಎಂಬ ಪ್ರಯಾಣಿಕರ ದೋಣಿಗೆ ನೌಕಾದಳದ ವೇಗದ ದೋಣಿಯೊಂದು ಬಡಿದು 15 ಜನ ಸತ್ತರು. ಪ್ರವಾಸದ ಋತುವಿನಲ್ಲಿಯೇ ಇಂಥ ಎರಡು ವಾರ್ತೆಗಳನ್ನು ಓದಿದ ಯಾವ ಶಿಕ್ಷಕನ ಎದೆ ನಡುಗದು? ನಮ್ಮದೂ ನಡುಗಿತು. ಆ ರಾತ್ರಿ ನಿದ್ರೆ ಬರಲಿಲ್ಲ.

ಆದರೆ ಗಣಿತದ ಲೆಕ್ಕವನ್ನು ಬಿಡಿಸುವ ಮೊದಲು ಎರಡು ಸಲ ಓದಿರೆಂದು ಮಕ್ಕಳಿಗೆ ನಿತ್ಯವೂ ಹೇಳುವ ನಾವು ಈ ವಾರ್ತೆಗಳನ್ನು ಎರಡನೆಯ ಸಲ ಓದಿದೆವೆ? ಓದಿದ್ದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಈ ನಾಲ್ಕು ದುರಂತಗಳಲ್ಲಿ ಎರಡು ದೋಣಿಯಲ್ಲಿ ನಡೆದವೇ ಅಲ್ಲ. ಸಂತ ಮೇರಿ ದ್ವೀಪದಲ್ಲಿ ಪ್ರಾಣ ಕಳೆದುಕೊಂಡವರು ದೋಣಿಯಿಂದ ಕ್ಷೇಮವಾಗಿ ಇಳಿದಿದ್ದರು. ಬಂಡೆಯಂಚಿನ ನೀರು ಅವರನ್ನು ಸೆಳೆದೊಯ್ದಿತು. ಮುರುಡೇಶ್ವರದ ಮಕ್ಕಳು ದಡದಿಂದ ಅಲೆಗೆ ಇಳಿದವರು. ಕೂರ್ಮಗಡದ ದೋಣಿಯಲ್ಲಿ ತಾಳಿಕೆಗೆ ಮೀರಿ ಜನ ತುಂಬಿದ್ದರು, ಅವರ ಮೈಮೇಲೆ ಲೈಫ್ ಜಾಕೆಟ್ಟುಗಳಿರಲಿಲ್ಲ. ಒಂದೊಂದಕ್ಕೂ ಒಂದೊಂದು ಕಾರಣವಿದೆ, ಒಂದೊಂದು ಕಾರಣಕ್ಕೂ ಒಂದೊಂದು ಉಪಾಯವಿದೆ. ಅವೆಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ 'ನೀರು ಬೇಡ' ಎಂದು ಚೀಟಿ ಅಂಟಿಸುವುದು ವಿಚಾರವಲ್ಲ, ವಿಚಾರದಿಂದ ತಪ್ಪಿಸಿಕೊಳ್ಳುವ ಹಂಚಿಕೆ.

ಇನ್ನು, ನೀರಿನಿಂದ ದೂರವಿದ್ದರೆ ನೀರು ನಮ್ಮಿಂದ ದೂರವಿರುವುದೆಂಬ ನಂಬಿಕೆಯಾದರೂ ಎಷ್ಟು ಸರಿ? 2024ರ ಮೇ 21ರಂದು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೇ, ಉಜನಿ ಜಲಾಶಯದ ಹಿನ್ನೀರಿನಲ್ಲಿ, ಕರಮಾಳಾ ತಾಲೂಕಿನ ಕುಗಾಂವದಿಂದ ಇಂದಾಪುರ ತಾಲೂಕಿನ ಕಳಾಶಿಗೆ ಜನರನ್ನು ದಾಟಿಸುತ್ತಿದ್ದ ದೋಣಿ ಬಿರುಗಾಳಿಗೆ ಮುಳುಗಿತು. ಅದರಲ್ಲಿದ್ದ ಏಳು ಜನರಲ್ಲಿ ಈಜಿ ದಡ ಸೇರಿದವರು ಒಬ್ಬರೇ. ಉಳಿದ ಆರು ಜನ ಸಹಲಿಗೆ ಹೋದವರಲ್ಲ, ಊರಿಂದೂರಿಗೆ ಹೊರಟವರು. ಪಂಢರಪುರದ ಚಂದ್ರಭಾಗೆಯಲ್ಲಿ ನಮ್ಮ ಮಕ್ಕಳು ಅಜ್ಜಿಯ ಕೈಹಿಡಿದು ದೋಣಿ ಹತ್ತುತ್ತಾರೆ. ಅಲ್ಲಿ ಗುರುಜಿಯ ಅಪ್ಪಣೆಯನ್ನು ಯಾರೂ ಕೇಳುವುದಿಲ್ಲ. ಭೀಮೆ, ಬೋರಿ, ಹೊಲದ ಬಾವಿ, ಶೇತತಳೆ ಎಂದು ನಾವು ಕರೆಯುವ ಪ್ಲಾಸ್ಟಿಕ್ ಹಾಸಿದ ಹೊಂಡ, ಇವೆಲ್ಲ ಶಾಲೆಯ ಗಂಟೆ ಬಾರಿಸಿದ ಮೇಲೆ ಮಕ್ಕಳ ರಾಜ್ಯ. ದೋಣಿಯಲ್ಲಿ ಹೇಗೆ ಕೂರಬೇಕೆಂಬುದನ್ನು ಶಾಲೆ ಕಲಿಸದಿದ್ದರೆ ಇನ್ನಾರು ಕಲಿಸಬೇಕು?

ಈಗ ನಮ್ಮದೇ ಕಥೆಯನ್ನು ಹೇಳಬೇಕು. ಅದರಲ್ಲಿ ನಮಗೆ ಭೂಷಣವಾಗದ ಭಾಗವೂ ಇದೆ.

ಕೆಲವು ವರ್ಷಗಳ ಹಿಂದೆ ಏಳನೆಯ ಇಯತ್ತೆಯ 41 ಮಕ್ಕಳನ್ನು ಕರೆದುಕೊಂಡು ನಾವು ಮಲ್ಪೆಗೆ ಹೋದೆವು. ಐದುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಾಲ್ಕನೆಯ ಇಯತ್ತೆಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿಯೇ ಓದಿ, ಸಿಂಧುದುರ್ಗವೆಂಬ ಜಲದುರ್ಗದ ಬಗ್ಗೆ ಉತ್ತರ ಬರೆದು ಅಂಕ ಪಡೆದಿದ್ದ ಈ ಮಕ್ಕಳಲ್ಲಿ ಒಬ್ಬರೂ ಕಡಲನ್ನು ಕಂಡಿರಲಿಲ್ಲ. ಮರಳಿನ ಮೇಲೆ ನಿಂತು ಒಬ್ಬ ಹುಡುಗ ಬಹಳ ಹೊತ್ತು ನೋಡಿ ಕೇಳಿದ: "ಗುರುಜಿ, ಇದಕ್ಕ ಆಚಿ ದಂಡಿ ಇಲ್ಲೇನ್ರಿ?" ಭೀಮೆಯನ್ನು ಬಲ್ಲವನ ನ್ಯಾಯವಾದ ಪ್ರಶ್ನೆ. ಭೂಗೋಲದ ಪುಸ್ತಕದಲ್ಲಿ ಅರಬೀ ಸಮುದ್ರವೆಂಬುದು ಮಹಾರಾಷ್ಟ್ರದ ಎಡಕ್ಕೆ ಬಳಿದ ನೀಲಿ ಬಣ್ಣ. ಆ ಬಣ್ಣಕ್ಕೆ ಆಚೆಯ ದಂಡೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ ತರಗತಿಯಲ್ಲಿ ಹುಟ್ಟುವುದೇ ಇಲ್ಲ.

ದಡದಿಂದ ದ್ವೀಪ ಸುಮಾರು ಆರು ಕಿಲೋಮೀಟರ್. ಮಳೆಗಾಲದಲ್ಲಿ ದೋಣಿಗಳು ನಿಂತಿರುತ್ತವೆ. ಕಡಲು ಶಾಂತವಾದ ಮೇಲೆ ಮತ್ತೆ ಆರಂಭ. ದೊಡ್ಡ ದೋಣಿ ದ್ವೀಪದ ಸಮೀಪದಲ್ಲಿ ನಿಂತಿತು. ಅಲ್ಲಿಂದ ಸಣ್ಣ ದೋಣಿಗೆ ದಾಟಿ ದಡ ಸೇರಿದೆವು. ಜನವಸತಿಯಿಲ್ಲದ, ತೆಂಗಿನ ಮರಗಳ, ಚಿಪ್ಪುಗಳು ಹಾಸಿದ ಪುಟ್ಟ ನೆಲ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಳಿದು ಮೇರಿಯ ಹೆಸರಿಟ್ಟನೆಂದು ಐತಿಹ್ಯ ಹೇಳುತ್ತದೆ. ಸ್ಥಳೀಯರು ತೋನ್ಸೆಪಾರು ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಎರಡೂ ಹೆಸರು ಬೇಕಾಗಲಿಲ್ಲ, ಅವರು ಕಲ್ಲುಗಳನ್ನು ನೋಡುತ್ತ ನಿಂತುಬಿಟ್ಟಿದ್ದರು.

ಆ ಕಲ್ಲುಗಳನ್ನು ಕುರಿತು ಎರಡು ಮಾತು ಹೆಚ್ಚು ಹೇಳಿದರೆ ವಾಚಕರು ಕ್ಷಮಿಸಬೇಕು. ಅವು ಬಂಡೆಗಳಲ್ಲ, ಕಂಬಗಳು. ಐದು ಮೂಲೆಯವು, ಆರು ಮೂಲೆಯವು, ಏಳು ಮೂಲೆಯವು, ಶಿಲ್ಪಿ ಕಡೆದು ಒತ್ತೊತ್ತಾಗಿ ನಿಲ್ಲಿಸಿದಂತೆ. ಕರಗಿದ ಲಾವಾರಸ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಸೀಳುತ್ತದೆ. ಸೀಳು ಮೇಲಿನಿಂದ ಕೆಳಕ್ಕೆ ಇಳಿದು ಕಂಬವಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಾಯಿಬಿಡುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸುವ ಶ್ರಮವೇ ಬೀಳಲಿಲ್ಲ. "ನಮ್ಮ ಹೊಲದಾಗ ಬಿರಕ ಬಿಟ್ಟಂಗ" ಎಂದು ಒಬ್ಬ ಹುಡುಗಿ ತಾನೇ ಹೇಳಿದಳು. ಸೊಲ್ಲಾಪುರ, ಅಕ್ಕಲಕೋಟೆಗಳ ನೆಲದಡಿಯ ಕರಿಕಲ್ಲೂ ಲಾವಾರಸದ್ದೇ, ಅದು ಸವೆದು ಆದುದೇ ನಮ್ಮ ಎರೆಮಣ್ಣು. ನಮ್ಮ ಕಲ್ಲಿನ ವಯಸ್ಸು ಸುಮಾರು 6.6 ಕೋಟಿ ವರ್ಷ. ದ್ವೀಪದ ಕಲ್ಲು ಅದಕ್ಕೂ ಹಿರಿದು, ಸುಮಾರು 8.8 ಕೋಟಿ ವರ್ಷದ್ದು. ಇಂದು ಆಫ್ರಿಕದ ಬಳಿಯಿರುವ ಮಡಗಾಸ್ಕರ್ ನಮ್ಮ ನೆಲದಿಂದ ಕಡಿದುಕೊಂಡು ಹೋದ ಕಾಲದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇದನ್ನು ಕೇಳಿದ ಮೊದಲಿನ ಹುಡುಗ ಪಶ್ಚಿಮಕ್ಕೆ ಕೈತೋರಿಸಿ, "ಹಂಗಾರ ಆಚಿ ದಂಡಿ ಐತಿ, ಅದs ಹೋಗ್ಯಾದ" ಎಂದ. ಹದಿಮೂರು ವರ್ಷಗಳ ನಮ್ಮ ಶಿಕ್ಷಕ ವೃತ್ತಿಯಲ್ಲಿ ಇಂಥ ಉತ್ತರ ಇನ್ನೊಂದು ಸಲ ದೊರೆತಿಲ್ಲ. 'ನೀರು ಬೇಡ' ಎನ್ನುವ ಹಿರಿಯರು ಈ ಉತ್ತರವನ್ನು ಯಾವ ಕರಿಹಲಗೆಯ ಮೇಲೆ ಬರೆಸಿಕೊಳ್ಳುತ್ತಾರೆ?

ಇನ್ನು ಭೂಷಣವಲ್ಲದ ಭಾಗ. ಹೋಗುವಾಗ ದೋಣಿಯವರು ಕೊಟ್ಟ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ಎಲ್ಲರೂ ತೊಟ್ಟಿದ್ದರು. ಮರಳುವಾಗ ನಮ್ಮ ಜೊತೆಯ ಶಿಕ್ಷಕರೊಬ್ಬರಿಗೆ ಗುಂಪಿನ ಛಾಯಾಚಿತ್ರ ಬೇಕೆನಿಸಿತು. ಜಾಕೆಟ್ಟಿನಡಿಯಲ್ಲಿ ಶಾಲೆಯ ಗಣವೇಷ ಕಾಣುವುದಿಲ್ಲವಲ್ಲ! "ಎರಡು ನಿಮಿಷ ತೆಗೆಯಿರಿ, ಎಲ್ಲರೂ ಈ ಕಡೆಗೆ ಬನ್ನಿರಿ" ಎಂದು ಮಕ್ಕಳಿಗೆ ಹೇಳಿದವರು ಬೇರೆ ಯಾರೂ ಅಲ್ಲ, ನಾವೇ. ನಡುಗಡಲಿನಲ್ಲಿ ನಾಲ್ವತ್ತೊಂದು ಮಕ್ಕಳು ಎದ್ದು ಒಂದೇ ಮಗ್ಗುಲಿಗೆ ನಡೆದರು. ದೋಣಿ ವಾಲಿತು. ಹೆಚ್ಚೇನಲ್ಲ, ಒಂದು ಗೇಣು ಇದ್ದೀತು. ಮುದುಕ ಚಾಲಕರು ಎಂಜಿನ್ ನಿಲ್ಲಿಸಿದರು. ಸಿಟ್ಟು ಮಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಜಾಕೆಟ್ ಹಾಕದೆ ಬೋಟು ಮುಂದೆ ಹೋಗುದಿಲ್ಲ ಮಾಷ್ಟ್ರೆ" ಎಂದಷ್ಟೇ ಹೇಳಿ ಬೀಡಿ ಹಚ್ಚಿದರು. ಮಕ್ಕಳು ತಮ್ಮ ತಮ್ಮ ಜಾಗಕ್ಕೆ ಮರಳಿ ಕಟ್ಟುಗಳನ್ನು ಕಟ್ಟಿಕೊಳ್ಳುವ ತನಕ ಅವರು ನಮ್ಮ ಮುಖವನ್ನು ನೋಡಲಿಲ್ಲ. ನಾವೂ ಅವರ ಮುಖವನ್ನು ನೋಡಲಿಲ್ಲ. ಡಿ.ಎಡ್. ಪ್ರಮಾಣಪತ್ರ ನಮ್ಮಲ್ಲಿತ್ತು, ತಿಳಿವಳಿಕೆ ಅವರಲ್ಲಿತ್ತು.

ಆದುದರಿಂದ ನಮ್ಮ ವಾದ 'ನೀರು ಬೇಡ' ಎನ್ನುವವರೊಡನೆ ಮಾತ್ರವಲ್ಲ. ಎರಡು ರಾತ್ರಿಗಳಲ್ಲಿ ಹತ್ತು ಸ್ಥಳಗಳನ್ನು ಬಾಚಿಕೊಂಡು ಬರುವ, ಬಸ್ಸಿನಲ್ಲಿ ಕಂಠ ಹರಿಯುವಂತೆ ಹಾಡು ಹಾಕಿ, ಇಳಿದಲ್ಲೆಲ್ಲ ಚಿತ್ರ ತೆಗೆದು, ನಿದ್ದೆಗೆಟ್ಟ ಮಕ್ಕಳನ್ನು ಅಲೆಗಳಿಗೆ ಬಿಟ್ಟು ಚಹಾ ಕುಡಿಯಲು ಹೋಗುವ ಪ್ರವಾಸಪಟುಗಳೊಡನೆಯೂ ಇದೆ. ನಿಷೇಧದ ಮಾತಿಗೆ ಬಲ ಬಂದಿರುವುದು ಇಂಥವರಿಂದಲೇ. ಅವರು ನೀರಿಗೆ ಅಂಜುವುದಿಲ್ಲ, ಹಿರಿಯರು ಅಂಜುತ್ತಾರೆ. ನೀರನ್ನು ಅರಿಯದಿರುವುದರಲ್ಲಿ ಇಬ್ಬರೂ ಸಮಾನರು.

ನಾವು ಮರಳಿ ಬಂದ ಮೇಲೆ ಆರಂಭಿಸಿದ ಪಾಠ ಹೀಗಿದೆ. ಮಧ್ಯಾಹ್ನದ ಅಡುಗೆಯವ್ವನಿಂದ ದೊಡ್ಡ ಪರಾತವೊಂದನ್ನು ಬೇಡಿ ತಂದು ಶಾಲೆಯ ನೀರಿನ ಹೌದಿನಲ್ಲಿ ತೇಲಿಬಿಡುತ್ತೇವೆ. ಇಪ್ಪತ್ತು ಹರಳುಗಳನ್ನು ಸಮನಾಗಿ ಹರಡಿದರೆ ಅದು ತೇಲುತ್ತದೆ. ಅದೇ ಇಪ್ಪತ್ತು ಹರಳುಗಳನ್ನು ಒಂದು ಬದಿಗೆ ಸರಿಸಿದರೆ ಅಂಚು ತಗ್ಗಿ ನೀರು ನುಗ್ಗುತ್ತದೆ. ಒಂದು ಸಲ ನುಗ್ಗಿದ ಮೇಲೆ ಹೊರಹಾಕಲು ಸಮಯವೇ ಇರುವುದಿಲ್ಲ. ಭಾರ ಹೆಚ್ಚಲಿಲ್ಲ, ಜಾಗ ಬದಲಾಯಿತು, ಅಷ್ಟೇ. ತರುವಾಯ ನೀರು ತುಂಬಿದ ಬಾಟಲಿಯನ್ನು ಪರಾತದಲ್ಲಿ ಮಲಗಿಸಿ, ಬಳಿಕ ನಿಲ್ಲಿಸಿ ಅಲುಗಿಸುತ್ತೇವೆ. ದೋಣಿಯಲ್ಲಿ ಏಕೆ ನಿಲ್ಲಬಾರದೆಂದು ಬೇರೆ ಹೇಳಬೇಕಾಗುವುದಿಲ್ಲ. ಜಾಕೆಟ್ಟು ತೊಟ್ಟ ಮೇಲೆ ಒಬ್ಬರು ಇನ್ನೊಬ್ಬರ ಜಾಕೆಟ್ಟನ್ನು ಹೆಗಲ ಬಳಿ ಹಿಡಿದು ಮೇಲಕ್ಕೆತ್ತಿ ನೋಡಬೇಕು. ಕಿವಿಯವರೆಗೆ ಜಾರಿ ಬಂದರೆ ಕಟ್ಟು ಸಡಿಲವಾಗಿದೆ, ಇಲ್ಲವೆ ಅಳತೆ ದೊಡ್ಡದಾಗಿದೆ ಎಂದರ್ಥ. ದೊಡ್ಡವರ ಜಾಕೆಟ್ಟು ಚಿಕ್ಕ ಮಗುವಿನ ತಲೆಯಿಂದ ಕಳಚಿ ಹೋಗಬಲ್ಲದು. ಮಕ್ಕಳ ಅಳತೆಯದು ಇಲ್ಲದಿದ್ದರೆ, ದೋಣಿಯಲ್ಲಿ ಬರೆದ ಸಂಖ್ಯೆಗಿಂತ ಒಬ್ಬರು ಹೆಚ್ಚಾದರೂ ಸರಿ, ಹತ್ತದೆ ಮರಳಬೇಕು. ಐದುನೂರು ಕಿಲೋಮೀಟರ್ ಬಂದಿದ್ದರೂ ಮರಳಬೇಕು. ದಡದಲ್ಲಿ ನೀರು ಮೊಣಕಾಲಿನ ಕೆಳಗೇ ಇರತಕ್ಕದ್ದು, ಬಂಡೆಯಂಚಿಗೆ ಹೋಗತಕ್ಕದ್ದಲ್ಲ.

ಎಣಿಕೆಯ ವಿಷಯವೊಂದು ಉಳಿಯಿತು. ಮಲ್ಪೆಯಲ್ಲಿ ನಮ್ಮ ಬಸ್ಸಿನ ಎಂ.ಎಚ್. 13 ಎಂಬ ಫಲಕವನ್ನು ಕಂಡ ಸಜ್ಜನರೊಬ್ಬರು ಹಿಂದಿಯಲ್ಲಿ ಮಾತಿಗಾರಂಭಿಸಿ, ನಾವು ಕನ್ನಡದಲ್ಲಿ ಉತ್ತರಿಸಿದಾಗ, "ನಿಮಗೆ ಕನ್ನಡ ಬರ್ತದಾ?" ಎಂದು ಅಚ್ಚರಿಪಟ್ಟರು. ಸಿದ್ಧರಾಮನು ಕೆರೆ ಕಟ್ಟಿಸಿದ ಊರಿನ ಕಡೆಯಿಂದ ಬಂದವರಿಗೆ ಈ ಪ್ರಶ್ನೆ ಹೊಸತಲ್ಲ. ಮಹಾರಾಷ್ಟ್ರದಲ್ಲಿ 'ಕಾನಡಿ'ಗಳು, ಕರ್ನಾಟಕದಲ್ಲಿ 'ಮರಾಠಿ'ಗಳು, ಇದು ನಮ್ಮ ಪಾಡು. ಅಷ್ಟರಲ್ಲಿ ದೋಣಿ ಹತ್ತುವ ಮೊದಲಿನ ಎಣಿಕೆ ಆರಂಭವಾಯಿತು. ಒಂದರಿಂದ ನಾಲ್ವತ್ತೊಂದರವರೆಗೆ ನಮ್ಮ ಮಕ್ಕಳು ಒಬ್ಬರ ಹಿಂದೊಬ್ಬರು ಕನ್ನಡದಲ್ಲಿ ಕೂಗಿದರು. ಆ ಸಜ್ಜನರು ಪೂರ್ತಿ ಕೇಳಿಸಿಕೊಂಡರು. ಅಂದಿನಿಂದ ಎಣಿಕೆ ನಮ್ಮ ಶಾಲೆಯ ನಿಯಮ: ಹತ್ತುವಾಗ, ಇಳಿದಾಗ, ದ್ವೀಪ ಬಿಡುವಾಗ, ದಡ ಮುಟ್ಟಿದಾಗ. ಹೆಸರು ಕರೆಯುವುದಕ್ಕಿಂತ ಇದು ಬೇಗ. ತಪ್ಪಿದ ಸಂಖ್ಯೆ ತಾನೇ ಮೌನವಾಗಿ ಗೊತ್ತಾಗುತ್ತದೆ.

ಅಷ್ಟು ದೂರ ಏಕೆ, ನಮ್ಮ ರಾಜ್ಯದಲ್ಲಿಯೇ ಮಾಲವಣವಿಲ್ಲವೆ ಎಂದು ಕೇಳುವವರಿಗೆ ನಮ್ಮ ತಕರಾರಿಲ್ಲ. 1664ರಲ್ಲಿ ಕಟ್ಟಲಾರಂಭಿಸಿದ ಸಿಂಧುದುರ್ಗಕ್ಕೂ ದೋಣಿಯಲ್ಲಿಯೇ ಹೋಗಬೇಕು, ಪರಾತದ ಪಾಠ ಅಲ್ಲಿಗೂ ಸಲ್ಲುತ್ತದೆ. ಖರ್ಚು ಭರಿಸಲಾರದವರು ಉಜನಿಯ ದಂಡೆಗಾದರೂ ಹೋಗಲಿ.

ಈ ಸಲದ ಪ್ರವಾಸಕ್ಕೆ 38 ಮಕ್ಕಳ ಪಾಲಕರಿಗೆ ಸಮ್ಮತಿಪತ್ರ ಕಳುಹಿಸಿದ್ದೇವೆ. 29 ಸಹಿಯಾಗಿ ಬಂದಿವೆ. ಉಳಿದ ಒಂಬತ್ತು ಮನೆಗಳಿಗೆ ನಾವೇ ಹೋಗುತ್ತಿದ್ದೇವೆ. ಒಲ್ಲೆ ಎಂದರೆ ಒತ್ತಾಯವಿಲ್ಲ. ಒಬ್ಬ ತಾಯಿ, "ನೀವು ಈಜ್ತೀರೇನ್ರಿ ಗುರುಜಿ?" ಎಂದು ಕೇಳಿದರು. ಇಲ್ಲವೆಂದು ಒಪ್ಪಿಕೊಂಡು, ಈಜಬಲ್ಲ ಇಬ್ಬರು ಪಾಲಕರನ್ನು ಜೊತೆಗೆ ಕರೆದೊಯ್ಯುವುದೆಂದು ನಿಶ್ಚಯಿಸಿದ್ದೇವೆ. ಸಭೆಯಲ್ಲಿ ತಲೆದೂಗಿದ ಬಾಂಧವರು ನಮ್ಮ ಮಾತಿನಲ್ಲಿ ದೋಷ ಕಂಡರೆ ಮುಂದಿನ ಸಂಚಿಕೆಗೆ ಅವಶ್ಯ ಬರೆಯಲಿ. ಬರೆಯುವ ಮೊದಲು ಒಂದು ಶನಿವಾರ ಬೆಳಗಿನ ಶಾಲೆಗೆ ಬಂದುಹೋದರೆ ಸಂತೋಷ. ಹನ್ನೊಂದಕ್ಕೆ ಮುಂಚೆಯೇ ಬರಬೇಕು, ಆಮೇಲೆ ಅಡುಗೆಯವ್ವನಿಗೆ ಪರಾತ ಬೇಕಾಗುತ್ತದೆ.